ಬ್ರಾಂಡಿವೆಲ್ ಎಂಬ ಮೈದಾನ: ಡೆರಿ ಸಿಟಿ ಕ್ಲಬ್ಬಿನ ವನವಾಸ ಮತ್ತು ಮರಳಿಕೆ

ಉತ್ತರ ಐರ್ಲೆಂಡಿನ ಡೆರಿ ನಗರ ಬ್ರಿಟನ್ನಿನ ಆಳ್ವಿಕೆಗೆ ಸೇರಿದ್ದು. ಆದರೆ ಅಲ್ಲಿನ ಹಿರಿಯ ಫುಟ್‌ಬಾಲ್ ಕ್ಲಬ್ ಡೆರಿ ಸಿಟಿ 1985ರಿಂದ ಗಡಿಯಾಚೆಯ ಐರ್ಲೆಂಡ್ ಗಣರಾಜ್ಯದ ಲೀಗಿನಲ್ಲಿ ಆಡುತ್ತಿದೆ. ಯುರೋಪಿನ ಪಂದ್ಯಾವಳಿಗಳಿಗೆ ಹೋದಾಗಲೂ ಅದು ಪ್ರತಿನಿಧಿಸುವುದು ಗಣರಾಜ್ಯದ ಫುಟ್‌ಬಾಲ್ ಸಂಸ್ಥೆಯನ್ನೇ. ಹೀಗಾಗಲು ಏನು ಕಾರಣವೆಂದು ಕೇಳಿದರೆ ಹೆಚ್ಚಿನವರು 1970ರ ದಶಕದ ಗಲಭೆಗಳತ್ತ ಬೆರಳು ತೋರುತ್ತಾರೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಬೀದಿಯಲ್ಲಿ ಬೆಂಕಿ ಹತ್ತಿದ್ದು ನಿಜ. ಕ್ಲಬ್ಬಿನ ಬಾಗಿಲು ಮುಚ್ಚಿದ್ದು ಮಾತ್ರ ಸಭೆಯೊಂದರಲ್ಲಿ ಎಣಿಸಿದ ಮತಗಳಿಂದ. ಆ ಸಭೆಯ ಮುಂದಿದ್ದದ್ದು ಒಂದೇ ಪ್ರಶ್ನೆ: ಬ್ರಾಂಡಿವೆಲ್ ಮೈದಾನದಲ್ಲಿ ಆಟ ನಡೆಯಬಹುದೇ, ಇಲ್ಲವೇ?

ಹಿನ್ನೆಲೆಯನ್ನು ಚುಟುಕಾಗಿ ಹೇಳಬಹುದು. ದ್ವೀಪದ ಫುಟ್‌ಬಾಲನ್ನು ನಡೆಸಲು 1880ರಲ್ಲಿ ಬೆಲ್‌ಫಾಸ್ಟಿನಲ್ಲಿ ಒಂದು ಸಂಸ್ಥೆ ಹುಟ್ಟಿತ್ತು. ದೇಶ ಒಡೆದ 1921ರಲ್ಲೇ ಡಬ್ಲಿನ್ನಿನವರು ಬೇರೆಯಾಗಿ ತಮ್ಮದೇ ಸಂಸ್ಥೆ ಕಟ್ಟಿಕೊಂಡರು. ರಗ್ಬಿ ಮತ್ತು ಕ್ರಿಕೆಟ್ ಇವತ್ತಿಗೂ ಇಡೀ ದ್ವೀಪಕ್ಕೆ ಒಂದೇ ತಂಡವಾಗಿ ಉಳಿದಿವೆ, ಫುಟ್‌ಬಾಲ್ ಎರಡಾಯಿತು. ಗಡಿಗೆ ಕೆಲವೇ ಕಿಲೋಮೀಟರ್ ದೂರದ ಡೆರಿ, ಬೆಲ್‌ಫಾಸ್ಟಿನ ಸಂಸ್ಥೆಯ ಪಾಲಿಗೆ ಬಂತು. ನಗರದ ಹಿಂದಿನ ಕ್ಲಬ್ ಡೆರಿ ಸೆಲ್ಟಿಕ್ 1913ರಲ್ಲೇ ಐರಿಷ್ ಲೀಗಿನಿಂದ ಹೊರಬಿದ್ದಿತ್ತು. ಆ ತೆರವನ್ನು ತುಂಬಲು 1928ರಲ್ಲಿ ಡೆರಿ ಸಿಟಿ ಹುಟ್ಟಿತು, 1929ರಲ್ಲಿ ಲೀಗಿಗೆ ಸೇರಿತು. ಆಡಲು ಸಿಕ್ಕಿದ್ದು ನಗರಸಭೆಯ ಒಡೆತನದ ಬ್ರಾಂಡಿವೆಲ್. ಕ್ಲಬ್ ಅಂದಿನಿಂದಲೂ ಅಲ್ಲಿ ಬಾಡಿಗೆಗಿದೆ.

ಕೆಂಪು-ಬಿಳಿ ಪಟ್ಟೆಯ ಅಂಗಿ ಬಂದದ್ದು 1934ರಲ್ಲಿ. ಆಗ ತಂಡದ ಹೊಣೆ ಹೊತ್ತಿದ್ದ ಬಿಲ್ಲಿ ಗಿಲೆಸ್ಪಿ ಇಂಗ್ಲೆಂಡಿನ ಶೆಫೀಲ್ಡ್ ಯುನೈಟೆಡ್ ತಂಡದ ಹೆಸರಾಂತ ಆಟಗಾರ. ಅವರ ಮೇಲಿನ ಗೌರವಕ್ಕೆ ಆ ತಂಡದ ಪಟ್ಟೆಗಳನ್ನೇ ಡೆರಿ ತನ್ನದಾಗಿಸಿಕೊಂಡಿತು. 1949, 1954, 1964ರಲ್ಲಿ ಐರಿಷ್ ಕಪ್ ಗೆದ್ದ ಕ್ಲಬ್ 1964–65ರಲ್ಲಿ ಲೀಗನ್ನೂ ಗೆದ್ದಿತು.

ಆ ಗೆಲುವಿನ ಬೆನ್ನಿಗೇ ಬಂದ ಪ್ರಸಂಗವೊಂದಕ್ಕೆ ಕ್ರೀಡಾ ಇತಿಹಾಸದಲ್ಲಿ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. 1965ರ ಯುರೋಪಿಯನ್ ಕಪ್ಪಿನಲ್ಲಿ ಡೆರಿ ನಾರ್ವೆಯ ಲಿನ್ ತಂಡದೆದುರು ಓಸ್ಲೋದಲ್ಲಿ 5–3ರಿಂದ ಸೋತು, ಬ್ರಾಂಡಿವೆಲ್‌ನಲ್ಲಿ 5–1ರಿಂದ ಗೆದ್ದಿತು. ಎರಡು ಪಂದ್ಯಗಳ ಯುರೋಪಿಯನ್ ಸುತ್ತೊಂದನ್ನು ಗೆದ್ದ ಮೊದಲ ಐರಿಷ್ ಲೀಗ್ ತಂಡ ಅದು. ಮುಂದಿನ ಸುತ್ತಿನ ಎದುರಾಳಿ ಬೆಲ್ಜಿಯಮ್ಮಿನ ಆಂಡರ್ಲೆಕ್ಟ್. ಅಷ್ಟರಲ್ಲಿ ಬೆಲ್‌ಫಾಸ್ಟಿನ ಸಂಸ್ಥೆ, ಬ್ರಾಂಡಿವೆಲ್ ಆ ಮಟ್ಟದ ಪಂದ್ಯಕ್ಕೆ ತಕ್ಕದ್ದಲ್ಲವೆಂದು ಹೇಳಿಬಿಟ್ಟಿತು. ಹಿಂದಿನ ಸುತ್ತಿಗೆ ಅದೇ ಮೈದಾನ ಸಾಕಾಗಿತ್ತು! ಡೆರಿ ಬೆಲ್ಜಿಯಮ್ಮಿನಲ್ಲಿ 9–0ರಿಂದ ಸೋತಿತು. ತವರಿನ ಪಂದ್ಯ ನಡೆಯಲೇ ಇಲ್ಲ. ಇದರ ಹಿಂದೆ ರಾಷ್ಟ್ರೀಯವಾದಿ ಕ್ಯಾಥೊಲಿಕರು ಹೆಚ್ಚಿರುವ ನಗರದ ಮೇಲಿನ ಅಸಹನೆ ಇದೆಯೆಂದು ಕ್ಲಬ್ಬಿನ ಕಡೆಯವರು ಅನುಮಾನಿಸಿದರು. ಆ ಅನುಮಾನವನ್ನು ಸಾಬೀತುಪಡಿಸುವುದು ಕಷ್ಟ. ಒಂದನ್ನಂತೂ ಗಮನಿಸಬೇಕು: ನಾಗರಿಕ ಹಕ್ಕುಗಳ ಮೆರವಣಿಗೆಯ ಮೇಲೆ ಡೆರಿಯ ಡ್ಯೂಕ್ ಸ್ಟ್ರೀಟಿನಲ್ಲಿ ಪೊಲೀಸರ ಲಾಠಿ ಬಿದ್ದದ್ದು 1968ರ ಅಕ್ಟೋಬರ್ 5ರಂದು. ಮೈದಾನದ ಜಗಳ ಅದಕ್ಕಿಂತ ಮೂರು ವರ್ಷ ಹಿಂದಿನದು. ಗಲಭೆಯೊಂದರಿಂದಲೇ ಎಲ್ಲವನ್ನೂ ವಿವರಿಸಲು ಹೊರಟರೆ ಈ ಮೂರು ವರ್ಷಗಳ ಲೆಕ್ಕ ಹೊಂದುವುದಿಲ್ಲ.

ಆಮೇಲೆ ಬಂದದ್ದು ಕಡು ಕಷ್ಟದ ಕಾಲ. ಬ್ರಾಂಡಿವೆಲ್ ಇರುವುದು ಬಾಗ್‌ಸೈಡ್ ಮತ್ತು ಕ್ರೆಗನ್ ಬಡಾವಣೆಗಳ ಮಗ್ಗುಲಲ್ಲಿ. 1969ರ ಆಗಸ್ಟಿನಲ್ಲಿ ಬಾಗ್‌ಸೈಡ್ ಜನರಿಗೂ ಪೊಲೀಸರಿಗೂ ಮೂರು ದಿನ ಕಾಳಗ ನಡೆಯಿತು. 1971ರ ಸೆಪ್ಟೆಂಬರಿನಲ್ಲಿ ಪಂದ್ಯಕ್ಕೆ ಬಂದಿದ್ದ ಬ್ಯಾಲಿಮೀನಾ ಯುನೈಟೆಡ್ ತಂಡದ ಬಸ್ಸನ್ನು ಸುಡಲಾಯಿತು. ಎದುರಾಳಿ ತಂಡಗಳು ಹೆದರಿದ್ದರಲ್ಲಿ ತಪ್ಪಿರಲಿಲ್ಲ. ಬ್ರಾಂಡಿವೆಲ್ ಸುರಕ್ಷಿತವಲ್ಲವೆಂದು ಭದ್ರತಾ ಪಡೆಗಳು ಹೇಳಿದವು. ಡೆರಿಯ ತವರು ಪಂದ್ಯಗಳು ಸುಮಾರು 50 ಕಿಲೋಮೀಟರ್ ದೂರದ ಕೊಲೆರೇನ್‌ಗೆ ಹೋದವು. 1972ರ ಜನವರಿ 30ರಂದು ಬಾಗ್‌ಸೈಡಿನಲ್ಲಿ ಬ್ರಿಟಿಷ್ ಸೈನಿಕರ ಗುಂಡಿಗೆ ಆ ದಿನವೇ 13 ಮಂದಿ ಬಲಿಯಾದರು. ಇಂಥ ದಿನಗಳಲ್ಲಿ ಅಷ್ಟು ದೂರ ಹೋಗಿ ಆಟ ನೋಡುವವರು ಎಷ್ಟು ಜನ? ಪ್ರೇಕ್ಷಕರಿಲ್ಲದೆ ಗಲ್ಲಾಪೆಟ್ಟಿಗೆ ಬರಿದಾಯಿತು.

ನಿರ್ಣಾಯಕ ಗಳಿಗೆ ಬಂದದ್ದು ಅದೇ ವರ್ಷದ ಕೊನೆಯ ಭಾಗದಲ್ಲಿ. ಬ್ರಾಂಡಿವೆಲ್‌ನಲ್ಲಿ ಮತ್ತೆ ಆಡಬಹುದೆಂದು ಭದ್ರತಾ ಪಡೆಗಳು ಒಪ್ಪಿದವು. ಲೀಗಿನ ಕ್ಲಬ್ಬುಗಳು ಒಪ್ಪಲಿಲ್ಲ. ಪ್ರಸ್ತಾಪ ಬಿದ್ದದ್ದು ಒಂದೇ ಒಂದು ಮತದ ಅಂತರದಿಂದ. 1972ರ ಅಕ್ಟೋಬರ್ 13ರಂದು ಡೆರಿ ಸಿಟಿ ಲೀಗಿನಿಂದ ಹೊರನಡೆಯಿತು. ಶಸ್ತ್ರ ಹಿಡಿದು ಕಾವಲಿದ್ದವರೇ ಆಗಬಹುದು ಎಂದ ಮೇಲೂ ಜೊತೆಗಾರ ಕ್ಲಬ್ಬುಗಳು ಆಗದು ಎಂದವು. ಈ ಅಂಶವನ್ನು ಅಡಿಟಿಪ್ಪಣಿಗೆ ತಳ್ಳದೆ ಕಥನದ ನಡುವೆಯೇ ಇಡಬೇಕಾಗುತ್ತದೆ.

ಇದಕ್ಕೆ ಹಿಂದೊಂದು ನೋವಿನ ನಿದರ್ಶನವಿತ್ತು. ಬೆಲ್‌ಫಾಸ್ಟ್ ಸೆಲ್ಟಿಕ್ 14 ಬಾರಿ ಲೀಗ್ ಗೆದ್ದ, ಕ್ಯಾಥೊಲಿಕರು ಹೆಚ್ಚಾಗಿ ಬೆಂಬಲಿಸುತ್ತಿದ್ದ ಕ್ಲಬ್. 1948ರ ಡಿಸೆಂಬರ್ 27ರಂದು ವಿಂಡ್ಸರ್ ಪಾರ್ಕಿನಲ್ಲಿ ಲಿನ್‌ಫೀಲ್ಡ್ ವಿರುದ್ಧದ ಪಂದ್ಯ ಮುಗಿಯುತ್ತಿದ್ದಂತೆ ಜನ ಮೈದಾನಕ್ಕೆ ನುಗ್ಗಿ ಸೆಲ್ಟಿಕ್ ಆಟಗಾರರ ಮೇಲೆ ಬಿದ್ದರು. ಜಿಮ್ಮಿ ಜೋನ್ಸ್ ಕಾಲು ಮುರಿಯಿತು. ಜೋನ್ಸ್ ಸ್ವತಃ ಪ್ರಾಟೆಸ್ಟೆಂಟ್ ಎಂಬುದು ಆ ದ್ವೇಷದ ಕುರುಡುತನಕ್ಕೆ ಸಾಕ್ಷಿ. 1949ರಲ್ಲಿ ಲೀಗ್ ಬಿಟ್ಟ ಸೆಲ್ಟಿಕ್ ಮತ್ತೆಂದೂ ಅಲ್ಲಿಗೆ ಬರಲಿಲ್ಲ.

ಡೆರಿ ಬಂತು, ಆದರೆ ಬೇರೆ ಬಾಗಿಲಿನಿಂದ. ಹದಿಮೂರು ವರ್ಷ ಕ್ಲಬ್ ಸ್ಥಳೀಯ ಶನಿವಾರದ ಕಿರಿಯ ಲೀಗಿನಲ್ಲಿ ಜೀವ ಹಿಡಿದುಕೊಂಡಿತ್ತು. ಐರಿಷ್ ಲೀಗಿಗೆ ಮತ್ತೆ ಮತ್ತೆ ಅರ್ಜಿ ಹಾಕಿತು; ಪ್ರತಿ ಅರ್ಜಿಯಲ್ಲೂ ತವರು ಮೈದಾನವೆಂದು ಬರೆದದ್ದು ಬ್ರಾಂಡಿವೆಲ್ ಹೆಸರನ್ನೇ, ಪ್ರತಿ ಸಲವೂ ಬಂದ ಉತ್ತರ ನಿರಾಕರಣೆಯೇ. ಬೇರೆ ಮೈದಾನವನ್ನು ಒಪ್ಪಿಕೊಂಡಿದ್ದರೆ ದಾರಿ ಸುಲಭವಾಗುತ್ತಿತ್ತೇನೋ. ಆ ಹಟವನ್ನು ಮೊಂಡುತನವೆನ್ನಲಾಗದು. ಕೊಲೆರೇನ್‌ನ ಖಾಲಿ ಮೆಟ್ಟಿಲುಗಳನ್ನು ಕಂಡವರಿಗೆ ಊರು ಬಿಟ್ಟ ಕ್ಲಬ್ ಉಳಿಯದೆಂಬುದು ಗೊತ್ತಿತ್ತು. 1985ರಲ್ಲಿ ಗಣರಾಜ್ಯದ ಲೀಗ್ ಎರಡು ದರ್ಜೆಗಳಾಗಿ ಹಿಗ್ಗಿದಾಗ ಅವಕಾಶ ತೆರೆಯಿತು. ಮಾಜಿ ಆಟಗಾರರಾದ ಟೆರಿ ಹಾರ್ಕಿನ್, ಟೋನಿ ಒಡೊಹರ್ಟಿ, ಎಡ್ಡಿ ಮಾಹನ್ ಮತ್ತು ಅವರ ಜೊತೆಗಾರ ಏಮನ್ ಮೆಕ್‌ಲಾಕ್ಲಿನ್ ಓಡಾಡಿ ಮಾತುಕತೆ ನಡೆಸಿದರು. ಬೆಲ್‌ಫಾಸ್ಟಿನ ಸಂಸ್ಥೆಯಿಂದಲೂ ಅಂತರರಾಷ್ಟ್ರೀಯ ಸಂಸ್ಥೆಯಿಂದಲೂ ಒಪ್ಪಿಗೆ ಬೇಕಿತ್ತು, ಸಿಕ್ಕಿತು. ಸೆಪ್ಟೆಂಬರ್ 8ರಂದು ಬ್ರಾಂಡಿವೆಲ್‌ಗೆ ಹರಿದುಬಂದ ಸಾವಿರಾರು ಜನರ ಮುಂದೆ ಡೆರಿ, ಡಬ್ಲಿನ್ನಿನ ಹೋಮ್ ಫಾರ್ಮ್ ತಂಡವನ್ನು 3–1ರಿಂದ ಸೋಲಿಸಿತು.

ಸುರಕ್ಷತೆಯ ಪ್ರಶ್ನೆಗೆ ಸಿಕ್ಕ ಉತ್ತರ ಈ ಇತಿಹಾಸದ ಅತ್ಯಂತ ಮುಖ್ಯ ಸಂಗತಿ. ಬ್ರಾಂಡಿವೆಲ್ ಸುತ್ತಲಿನ ಬಡಾವಣೆಗಳಲ್ಲಿ ಪೊಲೀಸರು ಕಾಣಿಸಿಕೊಂಡರೇ ಕಿಡಿ ಹೊತ್ತುವ ಸ್ಥಿತಿ. ಹಾಗಾಗಿ ಪೊಲೀಸರನ್ನು ಹೊರಗಿಟ್ಟು ಕ್ಲಬ್ಬಿನ ಸ್ವಯಂಸೇವಕರೇ ಜನರನ್ನು ನಿಭಾಯಿಸುವ ಏರ್ಪಾಡಾಯಿತು. ಯುರೋಪಿನ ಸಂಸ್ಥೆ ಇದಕ್ಕೆ ವಿಶೇಷ ಒಪ್ಪಿಗೆ ಕೊಟ್ಟಿತು. ಲೀಗಿನ ಕ್ಲಬ್ಬುಗಳು ಅಸಾಧ್ಯವೆಂದು 1972ರಲ್ಲಿ ಕೈಬಿಟ್ಟದ್ದನ್ನು, ಹಿಂಸೆ ಇನ್ನೂ ನಿಂತಿರದ ಕಾಲದಲ್ಲೇ, ಊರಿನವರು ಮಾಡಿ ತೋರಿಸಿದರು.

ಬೆಳೆಗೆ ಮಳೆ ಹದವಾಗಿ ಬಿದ್ದಂತೆ ಮುಂದಿನ ನಾಲ್ಕು ವರ್ಷ ಸಾಗಿದವು. 1987ರಲ್ಲಿ ಮೇಲ್ದರ್ಜೆಗೆ ಬಡ್ತಿ. ಡಂಡಾಕ್ ಮತ್ತು ಶ್ಯಾಮ್‌ರಾಕ್ ರೋವರ್ಸ್ ತಂಡಗಳಿಗೆ ಮೂರು ಮೂರು ಲೀಗ್ ಗೆದ್ದುಕೊಟ್ಟಿದ್ದ ಜಿಮ್ ಮೆಕ್‌ಲಾಕ್ಲಿನ್ ತಮ್ಮ ಹುಟ್ಟೂರಿಗೆ ಬಂದರು. 1988–89ರಲ್ಲಿ ಡೆರಿ ಲೀಗ್, ಲೀಗ್ ಕಪ್, ಗಣರಾಜ್ಯದ ಫುಟ್‌ಬಾಲ್ ಸಂಸ್ಥೆಯ ಎಫ್‌ಎಐ ಕಪ್ ಮೂರನ್ನೂ ಒಂದೇ ಋತುವಿನಲ್ಲಿ ಗೆದ್ದಿತು. ಎಫ್‌ಎಐ ಕಪ್ಪಿನಲ್ಲಿ ಕಾರ್ಕ್ ಸಿಟಿಯೆದುರಿನ ಮರುಫೈನಲ್‌ನಲ್ಲಿ ಬಂದ ಒಂದೇ ಗೋಲು ಡೆರಿಯವರೇ ಆದ ಫೀಲಿಕ್ಸ್ ಹೀಲಿಯದು. 1997ರಲ್ಲಿ ಕ್ಲಬ್ ಮತ್ತೆ ಲೀಗ್ ಗೆದ್ದಾಗ ಅವರೇ ವ್ಯವಸ್ಥಾಪಕರಾಗಿದ್ದರು. 2006ರಲ್ಲಿ ಯುರೋಪಿನ ಪಂದ್ಯಾವಳಿಯಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ತಂಡವನ್ನು ಎರಡೂ ಪಂದ್ಯಗಳಲ್ಲಿ 1–0ರಿಂದ ಮಣಿಸಿದ ಡೆರಿ, ಬ್ರಾಂಡಿವೆಲ್‌ಗೆ ಬಂದ ಪ್ಯಾರಿಸ್ ಸಾಂ-ಜರ್ಮೇನ್ ತಂಡವನ್ನು ಗೋಲಿಲ್ಲದ ಡ್ರಾನಲ್ಲಿ ತಡೆದು ನಿಲ್ಲಿಸಿತು.

ಎಲ್ಲ ಸಂಕಟಗಳೂ ಹೊರಗಿನಿಂದಲೇ ಬಂದವೆಂದರೆ ಅದು ಅಭಿಮಾನಿಯ ಮಾತಾದೀತು. 2009ರ ನವೆಂಬರಿನಲ್ಲಿ ಆಟಗಾರರೊಂದಿಗೆ ಅಧಿಕೃತ ಒಪ್ಪಂದದ ಜೊತೆ ಗುಟ್ಟಾದ ಎರಡನೆಯ ಒಪ್ಪಂದಗಳನ್ನೂ ಮಾಡಿಕೊಂಡಿದ್ದು ಬಯಲಾಗಿ ಕ್ಲಬ್ ಲೀಗಿನಿಂದ ಉಚ್ಚಾಟನೆಗೊಂಡಿತು. ಸಂಬಳಕ್ಕೆ ಹಾಕಿದ್ದ ಮಿತಿಯನ್ನು ಮೀರಲು ಹೂಡಿದ ಆ ಉಪಾಯಕ್ಕೆ ಬೇರೆ ಯಾರೂ ಹೊಣೆಯಲ್ಲ. ಹೊಸ ಆಡಳಿತದಲ್ಲಿ ಕೆಳದರ್ಜೆಯಿಂದ ಶುರುಮಾಡಿದ ತಂಡ 2010ರಲ್ಲೇ ಆ ದರ್ಜೆ ಗೆದ್ದು ಮೇಲೆ ಬಂತು, 2012ರಲ್ಲಿ ಎಫ್‌ಎಐ ಕಪ್ಪನ್ನೂ ಎತ್ತಿತು.

2017ರ ಮಾರ್ಚಿನಲ್ಲಿ ನಾಯಕ ರಯನ್ ಮೆಕ್‌ಬ್ರೈಡ್ 27ನೇ ವಯಸ್ಸಿಗೇ ಹಠಾತ್ತನೆ ತೀರಿಕೊಂಡರು. ಬ್ರಾಂಡಿವೆಲ್ ನೆರೆಯಲ್ಲೇ ಬೆಳೆದ ಹುಡುಗ ಆತ. ಮೈದಾನ ನವೀಕರಣಗೊಂಡು 2018ರಲ್ಲಿ ತೆರೆದಾಗ ಕ್ರೀಡಾಂಗಣಕ್ಕೆ ಅವರ ಹೆಸರು ಬಂತು. ಒಡೆತನ ಈಗಲೂ ಸ್ಥಳೀಯ ಆಡಳಿತದ್ದೇ. 2022ರ ಎಫ್‌ಎಐ ಕಪ್ ಫೈನಲ್‌ನಲ್ಲಿ ಶೆಲ್‌ಬರ್ನ್ ತಂಡವನ್ನು 4–0ರಿಂದ ಸೋಲಿಸಿದ ಡೆರಿ, ಡಬ್ಲಿನ್ನಿನಿಂದ ಗಡಿ ದಾಟಿಸಿ ಆ ಕಪ್ಪನ್ನು ಊರಿಗೆ ತಂದಿತು.