ಖರೀದಿ ಕಾರ್ಡು ಮತ್ತು ಲೆಕ್ಕದ ವಿವರ

ಸರ್ಕಾರವು ಕೊಂಡ ಪ್ರತಿಯೊಂದು ವಸ್ತುವಿಗೂ ಲೆಕ್ಕವಿರಬೇಕೆಂಬುದು ಆಡಳಿತದ ಹಳೆಯ ತತ್ತ್ವ. ಈ ತತ್ತ್ವಕ್ಕೂ ವ್ಯವಹಾರದ ವೇಗಕ್ಕೂ ನಡೆದ ತಿಕ್ಕಾಟವನ್ನು ಅಮೆರಿಕ ಸಂಯುಕ್ತ ಸಂಸ್ಥಾನದ ಖರೀದಿ ಕಾರ್ಡಿನ ಇತಿಹಾಸದಲ್ಲಿ ಕಾಣಬಹುದು.

ಅಲ್ಲಿಯ ಕೇಂದ್ರ ಸರ್ಕಾರವು 1980ರ ದಶಕದಲ್ಲಿ ಈ ಕಾರ್ಡನ್ನು ಪ್ರಯೋಗಿಸಿ, 1989ರಲ್ಲಿ ಎಲ್ಲ ಇಲಾಖೆಗಳಿಗೂ ದೊರೆಯುವಂತೆ ಮಾಡಿತು. ಅಲ್ಪ ಖರೀದಿಗೂ ತಗಲುತ್ತಿದ್ದ ಕಾಗದಪತ್ರಗಳ ವೆಚ್ಚವನ್ನು ತಗ್ಗಿಸುವುದು ಇದರ ಉದ್ದೇಶ. 1994ರ ಶಾಸನವು 2,500 ಡಾಲರುಗಳವರೆಗಿನ ಖರೀದಿಯ ವಿಧಿಗಳನ್ನು ಸಡಿಲಿಸಲು, ಕಾರ್ಡಿನ ಬಳಕೆ ಬಹುವಾಗಿ ಹಬ್ಬಿತು.

ಆದರೆ ಕಾರ್ಡಿನ ಸಾಮಾನ್ಯ ಲೆಕ್ಕವು ಮಾರಿದವರ ಹೆಸರು, ದಿನಾಂಕ, ಒಟ್ಟು ಮೊತ್ತ ಇಷ್ಟನ್ನೇ ತಿಳಿಸುವುದು. ಕೊಂಡುದು ಏನೆಂಬುದನ್ನು ತಿಳಿಸದು. ಈ ಕೊರತೆಯನ್ನು ನೀಗಲು ಕಾರ್ಡು ಸಂಸ್ಥೆಗಳು ವಿವರಗಳನ್ನು ಮೂರು ಹಂತಗಳಾಗಿ ವಿಂಗಡಿಸಿದುವು. ಎರಡನೆಯ ಹಂತದಲ್ಲಿ ತೆರಿಗೆಯ ಮೊತ್ತವೂ ಕೊಳ್ಳುವವರ ಉಲ್ಲೇಖ ಸಂಖ್ಯೆಯೂ, ಮೂರನೆಯದರಲ್ಲಿ ಪ್ರತಿ ವಸ್ತುವಿನ ವರ್ಣನೆ, ಪ್ರಮಾಣ, ದರಗಳೂ ಸೇರಿದುವು. ಬರೆಯುವ ಶ್ರಮ ಮಾರುವವನದು, ಪ್ರಯೋಜನ ಕೊಳ್ಳುವವನದು. ಆದುದರಿಂದ ವಿವರ ಕಳುಹಿಸಿದ ವ್ಯಾಪಾರಿಗೆ ಶುಲ್ಕದಲ್ಲಿ ರಿಯಾಯಿತಿಯನ್ನು ಕಲ್ಪಿಸಲಾಯಿತು. ಹೀಗೆ ಹಳೆಯ ಸರಕುಪಟ್ಟಿಯ ಸಾಲುಗಳು ವಿದ್ಯುನ್ಮಾನ ರೂಪದಲ್ಲಿ ಮರಳಿ ಬಂದುವು.

ಇಷ್ಟರಿಂದಲೇ ಲೆಕ್ಕ ಶುದ್ಧವಾಯಿತೇ? ಆ ದೇಶದ ಸರ್ಕಾರಿ ಹೊಣೆಗಾರಿಕೆ ಕಚೇರಿಯ 2008ರ ವರದಿಯ ಅಂದಾಜಿನಂತೆ, ಸುಮಾರು ಶೇಕಡ 41ರಷ್ಟು ಖರೀದಿಗಳಲ್ಲಿ ಯೋಗ್ಯ ಅನುಮತಿ, ಸರಕು ಬಂದುದನ್ನು ಮತ್ತೊಬ್ಬರು ದೃಢಪಡಿಸಿದ ದಾಖಲೆ, ಇವೆರಡರಲ್ಲಿ ಕನಿಷ್ಠ ಒಂದರಲ್ಲಿ ಲೋಪವಿತ್ತು. 2012ರಲ್ಲಿ ಕಾರ್ಡಿನ ದುರುಪಯೋಗವನ್ನು ತಡೆಯಲು ಶಾಸನವೇ ಬೇಕಾಯಿತು. ವಿವರವು ಪ್ರಶ್ನೆಯನ್ನು ಸಾಧ್ಯವಾಗಿಸುತ್ತದೆ. ಕೇಳುವ ಹೊಣೆ ಮಾತ್ರ ಮನುಷ್ಯನದೇ.