ಅಮ್ಮನ ಲೆಕ್ಕದ ಪುಸ್ತಕದಲ್ಲಿ ನಿತ್ಯೋತ್ಸವ

ನಾನು ಹುಟ್ಟಿ ಬೆಳೆದ ಅಜ್ಜಂಪುರದ ಮನೆಯಲ್ಲಿ ಕವಿತೆ ಎಂದರೆ ಪಠ್ಯಪುಸ್ತಕದ ಪದ್ಯ. ಬಾಯಿಪಾಠ ಒಪ್ಪಿಸಬೇಕು, ತಪ್ಪಿದರೆ ಏಟು ತಿನ್ನಬೇಕು. ಏಳನೆಯ ಇಯತ್ತೆಗೆ ಓದು ನಿಂತಿದ್ದ ಅಮ್ಮನಿಗೆ ಅದೂ ಇರಲಿಲ್ಲ. ಭದ್ರಾವತಿ ಆಕಾಶವಾಣಿಯ ಭಾವಗೀತೆಗಳೇ ಅವಳ ಪಾಲಿನ ಸಾಹಿತ್ಯ. ಹಾಡು ಶುರುವಾಗುವ ಹೊತ್ತಿಗೇ ಹಾಲು ಉಕ್ಕುತ್ತಿತ್ತು, ಇಲ್ಲವೆ ಅಪ್ಪ ವಾರ್ತೆಗೆಂದು ರೇಡಿಯೊ ತಿರುಗಿಸುತ್ತಿದ್ದರು. ಹೋದ ಹಾಡು ಹೋಯಿತು.

1978ರಲ್ಲಿ ಅಮೆರಿಕದಲ್ಲಿ ‘ಸ್ಯಾಟರ್ಡೇ ನೈಟ್ ಫೀವರ್’ ಚಿತ್ರದ ಡಿಸ್ಕೊ ಹಾಡುಗಳು ಕುಣಿಸುತ್ತಿದ್ದವು. ಅದೇ ವರ್ಷ ಕನ್ನಡದಲ್ಲಿ ‘ನಿತ್ಯೋತ್ಸವ’ ಧ್ವನಿಸುರುಳಿ ಹೊರಬಂತು. ಕವಿತೆ ಕೆ. ಎಸ್. ನಿಸಾರ್ ಅಹಮದ್ ಅವರದು, ರಾಗ ಮೈಸೂರು ಅನಂತಸ್ವಾಮಿಯವರದು. ಭಾವಗೀತೆಗಳ ಮೊದಲ ಕ್ಯಾಸೆಟ್ ಎಂಬ ಹೆಸರು ಅದಕ್ಕಿದೆ. ಪಿ. ಕಾಳಿಂಗರಾಯರು ಅದಕ್ಕೂ ಎಷ್ಟೋ ಮೊದಲೇ ಕವಿತೆಗಳನ್ನು ಹಾಡಿ ಮನೆಮಾತಾಗಿದ್ದರು, ನಿಜ. ಆದರೆ ಗ್ರಾಮಫೋನು ನಮ್ಮಂಥವರ ಮನೆಗೆ ಬರುವ ವಸ್ತುವಾಗಿರಲಿಲ್ಲ. ಕ್ಯಾಸೆಟ್ಟು ಬಂತು.

ನಮ್ಮ ಮನೆಗೆ ಅದು ಬಂದದ್ದು ಕೆಲವು ವರ್ಷಗಳ ನಂತರ, ಚಿಕ್ಕಪ್ಪ ಬೆಂಗಳೂರಿನಿಂದ ತಂದ ಟೂ-ಇನ್-ಒನ್ ಜೊತೆಯಲ್ಲಿ. ಅಮ್ಮ ಒಂದು ಸಾಲು ಕೇಳುವಳು, ಗುಂಡಿ ಒತ್ತಿ ನಿಲ್ಲಿಸುವಳು, ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಳ್ಳುವಳು. “ಇನ್ನೊಂದ್ಸಲ ಹಾಕೇ” ಎನ್ನುವಳು. ತನಗೆಂದು ಅವಳು ಏನನ್ನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಟೇಪು ಸಿಕ್ಕಿಕೊಂಡಾಗ ಪೆನ್ಸಿಲು ತೂರಿಸಿ ಸುತ್ತುವ ಕೆಲಸ ನನ್ನದು.

ಮುಂದೆ ಬಿ.ಎಡ್. ಮುಗಿಸಿ ಕಡೂರಿನಲ್ಲಿ ಮೇಷ್ಟರಮ್ಮನಾದೆ. ಒಂದು ದಿನ ಪದ್ಯ ಒಪ್ಪಿಸು ಎಂದರೆ ಹುಡುಗಿಯೊಬ್ಬಳು ರಾಗವಾಗಿ ಹಾಡತೊಡಗಿದಳು. “ಇದು ಸಂಗೀತದ ಪಿರಿಯಡ್ ಅಲ್ಲ, ಕೂತ್ಕೋ” ಎಂದು ಗದರಿಸಿದೆ. ಸಂಜೆ, ನನ್ನಲ್ಲಿಗೆ ಬಂದಿದ್ದ ಅಮ್ಮನಿಗೆ ಅದನ್ನು ಹೆಮ್ಮೆಯಿಂದಲೇ ಹೇಳಿದೆ. ಅವಳು ಅಕ್ಕಿ ಆರಿಸುತ್ತ, ತಲೆಯೆತ್ತದೆ, “ನಾನು ಪದ್ಯ ಕಲ್ತಿದ್ದು ಯಾವ ಪಿರಿಯಡ್ಡಿನಲ್ಲಮ್ಮ?” ಎಂದಳು. ಮರುದಿನ ಆ ಹುಡುಗಿಯಿಂದಲೇ ಹಾಡಿಸಿದೆ. ಅವಳ ದನಿ ಮಾತ್ರ ಮೊದಲಿನಷ್ಟು ಏಳಲಿಲ್ಲ.

ರಾಗ ಕವಿತೆಯನ್ನು ನುಂಗುತ್ತದೆ ಎನ್ನುವವರಿದ್ದಾರೆ. ಅದರಲ್ಲೂ ಸ್ವಲ್ಪ ಸತ್ಯವಿದೆ. ನವೆಂಬರಿನಲ್ಲಿ ಗಂಟಲು ಬಿಚ್ಚಿ ‘ನಿತ್ಯೋತ್ಸವ’ ಹಾಡುವ ಎಷ್ಟೋ ಮಕ್ಕಳಿಗೆ ಅದನ್ನು ಬರೆದವರು ಯಾರೆಂದು ತಿಳಿಯದು. ಹಾಗಾಗಿ ಹಾಡಿಸಿದ ಮೇಲೆ ಹೇಳುತ್ತೇನೆ: ಅವರು ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿದ ಮೇಷ್ಟರು. ನಮ್ಮ ತರೀಕೆರೆಯಲ್ಲಿ ರೈಲು ಹತ್ತಿ ಭದ್ರಾವತಿ ದಾಟಿದರೆ ಅವರ ಶಿವಮೊಗ್ಗ, ಅವರ ತುಂಗೆ.

ಅನಂತಸ್ವಾಮಿ 1995ರಲ್ಲಿ, ನಿಸಾರ್ 2020ರಲ್ಲಿ ತೀರಿಕೊಂಡರು. 2022ರಲ್ಲಿ ಸರ್ಕಾರ ನಾಡಗೀತೆಗೆ ಅನಂತಸ್ವಾಮಿಯವರ ಧಾಟಿಯನ್ನೇ ಗೊತ್ತುಪಡಿಸಿತು. ಅಮ್ಮನೂ ಈಗಿಲ್ಲ. ಟೂ-ಇನ್-ಒನ್ ಗುಜರಿಗೆ ಹೋಯಿತು. ಹಾಲಿನ ಲೆಕ್ಕದ ಪುಸ್ತಕ ನನ್ನ ಬೀರುವಿನಲ್ಲಿದೆ. ಅದರಲ್ಲಿ ಕಾಗುಣಿತದ ತಪ್ಪುಗಳಿವೆ. ನಾನು ಒಂದನ್ನೂ ತಿದ್ದಿಲ್ಲ.