ಅರಿಶಿನ, ಚಹಾ, ವಿನೆಗರ್: ಫೋಟೊ ಮುದ್ರಣಕ್ಕೆ ಅಡುಗೆಮನೆ ಎಷ್ಟು ಸಾಕು?

ಡಾರ್ಕ್‌ರೂಮ್ ಇಲ್ಲದೆ ಬಿಸಿಲಿನಲ್ಲೇ ಚಿತ್ರ ಮುದ್ರಿಸುವ ಎರಡು ಹಳೆಯ ವಿಧಾನಗಳಿಗೆ ಈಗಲೂ ಹವ್ಯಾಸಿಗಳಿದ್ದಾರೆ. ಒಂದು ಆಂಥೋಟೈಪ್, ಇನ್ನೊಂದು ಸಯನೋಟೈಪ್. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಎರಡರ ಬಗ್ಗೆಯೂ ಬರೆದಿದ್ದರು. ಮರುವರ್ಷವೇ ಅನ್ನಾ ಅಟ್ಕಿನ್ಸ್ ಪಾಚಿಗಳ ಸಯನೋಟೈಪ್ ಪುಸ್ತಕ ಹೊರತರತೊಡಗಿದರು. ಎಲ್ಲವೂ ಅಡುಗೆಮನೆಯಲ್ಲೇ ಸಿಗುತ್ತದೆ ಎಂಬ ಮಾತು ಮಾತ್ರ ಅರ್ಧ ನಿಜ.

ಅರಿಶಿನದ ಚಿತ್ರ

ಪೂರ್ತಿ ಮನೆ ಸಾಮಗ್ರಿಯಲ್ಲೇ ಆಗುವುದು ಆಂಥೋಟೈಪ್. ಅರಿಶಿನದ ಬಣ್ಣ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಸರ್ಜಿಕಲ್ ಸ್ಪಿರಿಟ್‌ನಲ್ಲಿ ಕರಗುತ್ತದೆ (ಒಲೆಯ ಹತ್ತಿರ ಬೇಡ, ಬೆಂಕಿ ಹಿಡಿಯುತ್ತದೆ). ಸೋಸಿ ಕಾಗದಕ್ಕೆ ಬಳಿದು, ಕತ್ತಲಲ್ಲಿ ಒಣಗಿಸಿ, ಮೇಲೆ ಎಲೆಯಿಟ್ಟು ಗಾಜು ಮುಚ್ಚಿ ಕೆಲವು ಗಂಟೆ ಬಿಸಿಲಿಗಿಡಬೇಕು. ಬಿಸಿಲು ಬಿದ್ದ ಕಡೆ ಹಳದಿ ಮಾಸುತ್ತದೆ, ಎಲೆಯ ಕೆಳಗೆ ಉಳಿಯುತ್ತದೆ. ನಂತರ ಬಿಳಿಗಾರ, ಅಂದರೆ ಬೊರಾಕ್ಸ್ ಕರಗಿಸಿದ ನೀರಿನಲ್ಲಿ ಅದ್ದಿದರೆ ಉಳಿದ ಹಳದಿ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಆರತಿಯ ಓಕುಳಿಗೆ ಅರಿಶಿನದ ನೀರಿಗೆ ಸುಣ್ಣ ಬೆರೆಸಿದಾಗ ಆಗುವುದೂ ಇಂಥದ್ದೇ, ಕ್ಷಾರದ ಕೆಲಸ.

ಆದರೆ ಈ ಚಿತ್ರವನ್ನು ಶಾಶ್ವತಗೊಳಿಸುವ ದ್ರಾವಣವಿಲ್ಲ. ಗೋಡೆಗೆ ತೂಗುಹಾಕಿದರೆ ಬೆಳಕಿಗೆ ಮಾಸುತ್ತಲೇ ಹೋಗುತ್ತದೆ. ಸ್ಕ್ಯಾನ್ ಮಾಡಿಟ್ಟುಕೊಳ್ಳುವುದೇ ದಾರಿ.

ನೀಲಿ ಚಿತ್ರಕ್ಕೆ ಏನು ಬೇಕು?

ಸಯನೋಟೈಪ್‌ಗೆ ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ ಬೇಕೇ ಬೇಕು. ಇವಕ್ಕೆ ಮನೆಯಲ್ಲಿ ಬದಲಿ ಇಲ್ಲ, ಕೊಳ್ಳಲೇಬೇಕು. ಮನೆ ಸಾಮಗ್ರಿ ಉಪಯೋಗಕ್ಕೆ ಬರುವುದು ಬಿಸಿಲಿಗಿಟ್ಟ ನಂತರ.

ಹೈದರಾಬಾದ್, ಚೆನ್ನೈಗಳಲ್ಲಿ ಬೋರ್‌ವೆಲ್ ನೀರಿನಲ್ಲಿ ತೊಳೆದವರಿಗೆ ನೀಲಿ ಪೇಲವವಾದರೆ ನೀರನ್ನೇ ಅನುಮಾನಿಸಬಹುದು. ಕ್ಷಾರೀಯ ನೀರು ಈ ನೀಲಿಯನ್ನು ಕೆಡಿಸುತ್ತದೆ. ಮೊದಲ ತೊಳೆತದ ನೀರಿಗೆ ಸ್ವಲ್ಪ ವಿನೆಗರ್ ಹಾಕಿದರೆ ನಡುಛಾಯೆಗಳು ಉಳಿಯುತ್ತವೆ. ಕೊನೆಯ ನೀರಿಗೆ ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ತುಸು ಬೆರೆಸಿದರೆ ನೀಲಿ ಕೂಡಲೇ ಗಾಢವಾಗುತ್ತದೆ. ಅದಿಲ್ಲದಿದ್ದರೂ ಗಾಳಿಗೆ ಒಂದು ದಿನದಲ್ಲಿ ಅದೇ ಬಣ್ಣ ಬರುತ್ತದೆ, ಹಾಗಾಗಿ ಇದು ಅನಿವಾರ್ಯವೇನಲ್ಲ.

ನೀಲಿ ಬೇಡವೆನ್ನುವವರು ಚಹಾ ಬಳಸುತ್ತಾರೆ. ಚೆನ್ನಾಗಿ ಒಣಗಿದ ಚಿತ್ರವನ್ನು ವಾಷಿಂಗ್ ಸೋಡಾದ ತೆಳು ದ್ರಾವಣದಲ್ಲಿ ಅದ್ದಿದರೆ ನೀಲಿ ಹಳದಿಗೆ ಇಳಿಯುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಚಿತ್ರವೇ ಹೋದೀತು, ಕಣ್ಣಿಟ್ಟಿರಬೇಕು. ನೀರಿನಲ್ಲಿ ತೊಳೆದು ಹಾಲು-ಸಕ್ಕರೆ ಇಲ್ಲದ ಕಡು ಚಹಾದಲ್ಲಿಟ್ಟರೆ ಚಹಾದ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಕಂದು, ಕಪ್ಪು ಛಾಯೆ ಬರುತ್ತದೆ. ಶ್ರೀಕಾಳಹಸ್ತಿಯ ಕಲಂಕಾರಿಯಲ್ಲಿ ಅಳಲೆಕಾಯಿ ಮತ್ತು ಕಬ್ಬಿಣದ ನೀರಿನಿಂದ ಕಪ್ಪು ಗೆರೆ ಮೂಡುವುದೂ ಇದೇ ರಸಾಯನದಿಂದ. ಕಾಗದದ ಬಿಳಿ ಭಾಗಕ್ಕೂ ಚಹಾದ ಕಲೆ ಹತ್ತುತ್ತದೆ.

ಎಲ್ಲಿ ಪ್ರಯೋಗ ಬೇಡ?

ವಿನೆಗರ್ ಆಗುತ್ತದೆ, ಹಾಗಿದ್ದರೆ ಟಾಯ್ಲೆಟ್ ಕ್ಲೀನರ್ ಏಕಾಗದು ಎಂದು ಮುಂದುವರಿಯಬೇಡಿ. ಫೆರಿಸಯನೈಡ್‌ಗೆ ತೀವ್ರ ಆಮ್ಲ ತಗುಲಿದರೆ ವಿಷಕಾರಿ ಹೈಡ್ರೋಜನ್ ಸಯನೈಡ್ ಅನಿಲ ಹೊರಬರಬಹುದು. ಬಿಸಿ ಮಾಡಿದರೆ ಅಪಾಯ ಇನ್ನೂ ಹೆಚ್ಚು. ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿಡಿ. ಬಿಳಿಗಾರವೂ ಮಕ್ಕಳ ಕೈಗೆ ಸಿಗಬಾರದು. ಒಮ್ಮೆ ಬಳಸಿದ ಬಟ್ಟಲು, ಚಮಚ, ಸೋಸುವ ಬಟ್ಟೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.